ಮದರಾಸಿನಿಂದ ಮೈಸೂರಿಗೆ: ದಿವಾನ್ ರಂಗಾಚಾರ್ಲು

ಉದ್ಯೋಗವನ್ನರಸಿ ಮೈಸೂರು ಸೀಮೆಯಿಂದ ಮದರಾಸಿಗೆ ಬಂದವರ ಕಥೆ ಚೆನ್ನೈನ ಕನ್ನಡಿಗರಿಗೆಲ್ಲ ಪರಿಚಿತವಾದುದು. ಇದಕ್ಕೆ ಎದುರು ದಿಕ್ಕಿನಲ್ಲಿ ಪಯಣಿಸಿ, ಕನ್ನಡ ನಾಡಿನ ಆಡಳಿತಕ್ಕೆ ಹೊಸ ದಾರಿಯನ್ನು ತೋರಿದ ಮಹನೀಯರು ಸಿ. ವಿ. ರಂಗಾಚಾರ್ಲು.

1831ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಜನಿಸಿದ ಅವರ ತಂದೆ ಕಲೆಕ್ಟರರ ಕಚೇರಿಯ ಗುಮಾಸ್ತರು. ಮದರಾಸಿನಲ್ಲಿ ವಿದ್ಯಾಭ್ಯಾಸ ಮುಗಿಸಿದ ರಂಗಾಚಾರ್ಲು ಅವರೂ ಸರ್ಕಾರಿ ಸೇವೆಯನ್ನೇ ಸೇರಿದರು. ಕಂದಾಯ ವಸೂಲಿಗಾಗಿ ರೈತರಿಗೆ ಚಿತ್ರಹಿಂಸೆ ನಡೆಯುತ್ತಿದ್ದುದನ್ನು 1855ರಲ್ಲಿ ಸರ್ಕಾರವೇ ನೇಮಿಸಿದ ಆಯೋಗವು ಬಯಲಿಗೆ ತಂದಿದ್ದ ಕಾಲವದು. ಕಂದಾಯ ಇಲಾಖೆಯ ಲಂಚಗುಳಿತನವನ್ನು ಕುರಿತು ಈ ತರುಣ ಅಧಿಕಾರಿ ಒಂದು ಪುಸ್ತಿಕೆಯನ್ನೇ ಬರೆದರು. ಸೇವೆಯಲ್ಲಿದ್ದುಕೊಂಡೇ ಆಡಳಿತದ ಹುಳುಕನ್ನು ಎತ್ತಿ ತೋರುವುದು ಅಂದಿಗೂ ಇಂದಿಗೂ ಸುಲಭದ ಮಾತಲ್ಲ.

ಇನಾಂ ಕಮಿಷನ್ನಿನಲ್ಲಿಯೂ ಕಲ್ಲಿಕೋಟೆಯಲ್ಲಿಯೂ ದುಡಿದ ಅವರನ್ನು 1868ರಲ್ಲಿ ಮೈಸೂರು ಕರೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಆಗತಾನೆ ಕಾಲವಾಗಿದ್ದರು. ಅರಮನೆಯ ವ್ಯವಹಾರಗಳನ್ನು ಸರಿಪಡಿಸಬೇಕಾಗಿತ್ತು. ಆ ಹೊಣೆಯನ್ನು ಸಮರ್ಥವಾಗಿ ನಿರ್ವಹಿಸಿದ ಅವರು, 1881ರ ಮಾರ್ಚ್ 25ರಂದು ರಾಜ್ಯವು ಚಾಮರಾಜ ಒಡೆಯರಿಗೆ ಮರಳಿದಾಗ ದಿವಾನರಾದರು.

1876–78ರ ಭೀಕರ ಕ್ಷಾಮದಿಂದ ನಾಡು ಕಂಗೆಟ್ಟಿತ್ತು. ಬೊಕ್ಕಸದ ಮೇಲೆ ಸುಮಾರು 80 ಲಕ್ಷ ರೂಪಾಯಿಗಳ ಸಾಲವಿತ್ತು. ದಿವಾನರು ವೆಚ್ಚಕ್ಕೆ ಕತ್ತರಿ ಹಾಕಿದರು. ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳೇ ರದ್ದಾದವು. ಈ ಮಿತವ್ಯಯ ಎಲ್ಲರಿಗೂ ಹಿತವಾಗಲಿಲ್ಲ. ಮುಂದೆ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆ ಜಿಲ್ಲೆಗಳು ಮರಳಿ ಬಂದವು.

ಆದರೆ ಉಳಿತಾಯಕ್ಕಿಂತ ಹಿರಿದಾದುದು ಪ್ರಜಾಪ್ರತಿನಿಧಿ ಸಭೆ. 1881ರ ಅಕ್ಟೋಬರ್ 7ರಂದು ರೈತರೂ ವರ್ತಕರೂ ಸೇರಿ 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ನೆರೆದರು. ಸರ್ಕಾರದ ಆದಾಯ, ವೆಚ್ಚ, ಉದ್ದೇಶಗಳನ್ನು ದಿವಾನರೇ ಅವರ ಮುಂದೆ ವಿವರಿಸಿದರು. ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಸದಸ್ಯರ ಚುನಾವಣೆ ಆರಂಭವಾದುದೂ 1891ರಲ್ಲಿ. ಆದರೂ ಕಚೇರಿಯ ಕತ್ತಲೆಯಲ್ಲಿದ್ದ ಲೆಕ್ಕ ಸಭೆಯ ಬೆಳಕಿಗೆ ಬಂದಿತು. ಹಳ್ಳಿಯ ಅಹವಾಲು ಅಮಲ್ದಾರರನ್ನು ದಾಟಿ ನೇರವಾಗಿ ದಿವಾನರ ಕಿವಿಗೆ ಬೀಳತೊಡಗಿತು. ಲಂಚಕ್ಕೆ ಗುಟ್ಟೇ ಗೊಬ್ಬರವಾದರೆ, ಬಹಿರಂಗವೇ ಅದಕ್ಕೆ ಮದ್ದು.

ದಿವಾನಗಿರಿಗೆ ಎರಡು ವರ್ಷ ತುಂಬುವ ಮೊದಲೇ, 1883ರ ಜನವರಿ 20ರಂದು, ಅವರು ಮದರಾಸಿನಲ್ಲಿ ನಿಧನರಾದರು. ಮೈಸೂರಿನ ಪುರಭವನ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ನೆಲೆಸಿದ ನಾಡಿಗೆ ಪ್ರಾಮಾಣಿಕ ದುಡಿಮೆಯನ್ನು ಸಲ್ಲಿಸುವುದೇ ಅಲ್ಲಿ ಉಣ್ಣುವ ಅನ್ನದ ಋಣವನ್ನು ತೀರಿಸುವ ಬಗೆ ಎಂಬುದಕ್ಕೆ ಅವರ ಬಾಳು ಸಾಕ್ಷಿ.