ತೆರೆಯ ಹಿಂದಿನ ಅಡುಗೆಮನೆ

"ಉಸ್ತಾದ್, ಇವನು ಆಟಕ್ಕೆ ಕುಳಿತರೆ ಫೋನು ರೊಟ್ಟಿ ಹೆಂಚಿನಂತೆ ಕಾಯುತ್ತದೆ. ಅದರೊಳಗೆ ಉರಿಯುವುದಾದರೂ ಏನು?"

ಹೊರಕೆರೆದೇವಪುರದ ತಾಯಿಯೊಬ್ಬರು ಮಗನನ್ನು ಮುಂದೆ ನಿಲ್ಲಿಸಿಕೊಂಡು ಹೀಗೆ ದೂರಿದರು. ಪಕ್ಕದಲ್ಲಿದ್ದ ಪಿಯುಸಿ ಓದುವ ಮಗಳು ಮೆಲ್ಲಗೆ ಕೇಳಿದಳು: "ಅಷ್ಟೊಂದು ಚಿತ್ರಗಳನ್ನು ಬರೆಯುವವರು ಯಾರು?" ತಾಯಿ ಅವಳನ್ನು ಗದರಿದರು. ಹೆಣ್ಣು ಹುಡುಗಿಗೆ ಗಣಿತವೇ ಹೆಚ್ಚಾಯಿತು, ಅದನ್ನೂ ಬಿಡಿಸಬೇಕೆಂದಿದ್ದೇವೆ ಎಂದರು.

ಸಹೋದರಿಯರೇ, ತಾಯಿಯ ಪ್ರಶ್ನೆಗೂ ಮಗಳ ಪ್ರಶ್ನೆಗೂ ಉತ್ತರ ಒಂದೇ. ಒಳಗೆ ಉರಿಯುತ್ತಿರುವುದು ಗಣಿತ!

ನಿಮ್ಮ ಕೈಯಲ್ಲಿರುವ ಫೋನಿನ ಪರದೆಯು ಸಣ್ಣ ಸಣ್ಣ ಚುಕ್ಕೆಗಳಿಂದಾಗಿದೆ. ಅಡ್ಡಕ್ಕೆ 1080, ಉದ್ದಕ್ಕೆ 2400 ಚುಕ್ಕೆಗಳಿದ್ದರೆ ಒಟ್ಟು 25,92,000 ಆಯಿತು. ಚಿತ್ರವು ಸರಾಗವಾಗಿ ಚಲಿಸಬೇಕಾದರೆ ಸೆಕೆಂಡಿಗೆ 60 ಬಾರಿ ಹೊಸ ಚಿತ್ರ ಮೂಡಬೇಕು. ಅಂದರೆ ಒಂದೇ ಸೆಕೆಂಡಿನಲ್ಲಿ ಹದಿನೈದೂವರೆ ಕೋಟಿ ಚುಕ್ಕೆಗಳಿಗೆ ಬಣ್ಣ ನಿರ್ಧಾರವಾಗಬೇಕು. ಇಷ್ಟು ಲೆಕ್ಕ ಮಾಡಲು ವಿದ್ಯುತ್ ಬೇಕು. ಆ ವಿದ್ಯುತ್ತೇ ಶಾಖವಾಗಿ ನಿಮ್ಮ ಅಂಗೈಯನ್ನು ಸುಡುತ್ತದೆ.

ಈ ಕೆಲಸಕ್ಕೆಂದೇ ಫೋನಿನಲ್ಲಿ ಗ್ರಾಫಿಕ್ಸ್ ಚಿಪ್ ಎಂಬ ಪ್ರತ್ಯೇಕ ಭಾಗವಿದೆ. ಅದಕ್ಕೆ ಆನೆ, ಮನೆ, ಕಾರು ಯಾವುದೂ ತಿಳಿಯದು. ಮುಖ್ಯವಾಗಿ ತಿಳಿದಿರುವುದು ತ್ರಿಕೋನ ಮಾತ್ರ! ಯಾವ ಮೂರು ಬಿಂದುಗಳನ್ನು ಇಟ್ಟರೂ ಅವು ಒಂದೇ ಸಮತಲದಲ್ಲಿರುತ್ತವೆ. ಆದ್ದರಿಂದ ಆಟದ ಕಾರನ್ನೂ ಮರವನ್ನೂ ಸಾವಿರಾರು ತ್ರಿಕೋನಗಳಾಗಿ ಒಡೆಯುತ್ತಾರೆ. ಪ್ರತಿ ಮೂಲೆಯೂ ಪರದೆಯ ಮೇಲೆ ಎಲ್ಲಿ ಬೀಳುತ್ತದೆ ಎಂಬುದು ಮೊದಲ ಲೆಕ್ಕ. ಆ ತ್ರಿಕೋನದೊಳಗೆ ಯಾವ ಚುಕ್ಕೆಗಳು ಬರುತ್ತವೆ ಎಂಬುದು ಎರಡನೆಯದು. ಬೆಳಕು, ನೆರಳು ನೋಡಿ ಪ್ರತಿ ಚುಕ್ಕೆಗೂ ಬಣ್ಣ ಹಚ್ಚುವುದು ಮೂರನೆಯದು. ಮೊದಲನೆಯ ಮತ್ತು ಮೂರನೆಯ ಲೆಕ್ಕಕ್ಕಾಗಿ ಬರೆಯುವ ಪುಟ್ಟ ಪ್ರೋಗ್ರಾಮುಗಳಿಗೆ 'ಶೇಡರ್' ಎಂದು ಹೆಸರು.

ಹಾಗಾದರೆ ಆಟ ಬರೆದವನು ಈ ಚಿಪ್ಪಿನೊಡನೆ ಮಾತನಾಡುವುದು ಹೇಗೆ? ಚಿಪ್ ತಯಾರಿಸುವ ಕಂಪೆನಿಗಳು ಹಲವು. ಒಂದೊಂದಕ್ಕೂ ಒಂದೊಂದು ಭಾಷೆ ಕಲಿಯಬೇಕಾದರೆ ಕೆಲಸ ಸಾಗದು. ಆದ್ದರಿಂದ ಎಲ್ಲರೂ ಒಪ್ಪಿದ ಆಜ್ಞೆಗಳ ಒಂದು ಪಟ್ಟಿ ಬೇಕು. ಅದನ್ನೇ ಗ್ರಾಫಿಕ್ಸ್ ಇಂಟರ್‌ಫೇಸ್ ಎನ್ನುತ್ತಾರೆ. 1992ರಲ್ಲಿ ಬಂದ 'ಓಪನ್‌ಜಿಎಲ್' ಇವುಗಳಲ್ಲಿ ಬಹಳ ಹೆಸರಾದದ್ದು. 2014ರಲ್ಲಿ ಆಪಲ್ ಕಂಪೆನಿಯ 'ಮೆಟಲ್', 2015ರಲ್ಲಿ ಮೈಕ್ರೋಸಾಫ್ಟಿನ 'ಡೈರೆಕ್ಟ್3ಡಿ 12', 2016ರಲ್ಲಿ 'ವಲ್ಕನ್' ಬಂದವು.

ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ? ನಮ್ಮ ವಲೀಮದ ಅಡುಗೆಯನ್ನು ನೆನೆಯಿರಿ. ಹಳೆಯ ಪದ್ಧತಿಯಲ್ಲಿ ಮನೆಯವರು ಒಂದೊಂದೇ ಮಾತನ್ನು ಮೇಸ್ತ್ರಿಗೆ ಹೇಳುತ್ತಾರೆ. 'ಅಕ್ಕಿ ಹಾಕು' ಎಂದರೆ ಆತ ದೇಗ್ ಇದೆಯೇ, ನೀರು ಕುದಿದಿದೆಯೇ ಎಂದು ನೋಡಿ ಬಾವರ್ಚಿಗೆ ತಿಳಿಸುತ್ತಾನೆ. ಪ್ರತಿ ಮಾತಿಗೂ ಮತ್ತೆ ಪರೀಕ್ಷೆ. ಒಬ್ಬರು ಹೇಳುವಾಗ ಮತ್ತೊಬ್ಬರು ಕಾಯಬೇಕು. ತಪ್ಪಾಗುವುದು ಕಡಿಮೆ, ಆದರೆ ನಿಧಾನ.

ಹೊಸ ಪದ್ಧತಿಯಲ್ಲಿ ಹಿಂದಿನ ದಿನವೇ ದೇಗ್, ಒಲೆ, ಮಸಾಲೆ ಎಲ್ಲವನ್ನೂ ಜೋಡಿಸಿಡುತ್ತಾರೆ. ನಾಲ್ಕಾರು ಮಂದಿ ಏಕಕಾಲದಲ್ಲಿ ಚೀಟಿಗಳನ್ನು ಬರೆದು ಒಂದೇ ಕಟ್ಟಾಗಿ ಅಡುಗೆಮನೆಗೆ ಕೊಡುತ್ತಾರೆ. ಕೆಲಸ ಬೇಗ ಆಗುತ್ತದೆ. ಆದರೆ ಚೀಟಿಯಲ್ಲಿ ತಪ್ಪಿದ್ದರೆ ತಡೆಯುವವರಿಲ್ಲ. ದಮ್ ತೆರೆಯುವ ಮೊದಲೇ ಬಿರಿಯಾನಿ ಬಡಿಸಬಾರದೆಂದೂ ಬರೆಯುವವನೇ ಸೂಚಿಸಬೇಕು. ಮರೆತರೆ ಅರ್ಧ ಬೆಂದ ಚಿತ್ರ ಪರದೆಗೆ ಬರುತ್ತದೆ! ಅದಕ್ಕಾಗಿಯೇ ವಲ್ಕನ್‌ನಲ್ಲಿ ಕಲಿಯುವಾಗ ತಪ್ಪು ತೋರಿಸಲು ಪರೀಕ್ಷಕ ಪದರವೊಂದನ್ನು ಇಟ್ಟುಕೊಳ್ಳುತ್ತಾರೆ. ಕೆಲಸ ಸರಿಯಾದ ಬಳಿಕ ತೆಗೆಯುತ್ತಾರೆ. ಹೆಚ್ಚು ಅಧಿಕಾರ ಪಡೆದವನ ಮೇಲೆ ಹೆಚ್ಚು ಹೊಣೆ. ಅಮಾನತಿನ ಅರ್ಥ ಬಲ್ಲ ನಮಗೆ ಇದು ಹೊಸ ಪಾಠವಲ್ಲ.

ಇದೆಲ್ಲ ಹುಡುಗರ ಆಟಕ್ಕೆ ಮಾತ್ರವೇ? ಖಂಡಿತ ಅಲ್ಲ. ನೀವು ಫೋನಿನಲ್ಲಿ ಓದುವ ಕನ್ನಡವೂ ಇದೇ ದಾರಿಯಲ್ಲಿ ಬರುತ್ತದೆ. 'ಸ್ತ್ರೀ' ಎಂಬ ಅಕ್ಷರದ ಒತ್ತುಗಳು ಎಲ್ಲಿ ಕೂರಬೇಕೆಂದು ಒಂದು ತಂತ್ರಾಂಶ ನಿರ್ಧರಿಸುತ್ತದೆ. ನಂತರ ಗ್ರಾಫಿಕ್ಸ್ ಚಿಪ್ ಅದನ್ನು ಪರದೆಗೆ ತರುತ್ತದೆ. ಸಿ.ಟಿ. ಸ್ಕ್ಯಾನಿನ ಪದರಗಳನ್ನು ಜೋಡಿಸಿ ವೈದ್ಯರು ಮೂಳೆಯನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡುವುದು, ಕಟ್ಟುವ ಮೊದಲೇ ಮನೆಯ ನಕ್ಷೆಯೊಳಗೆ ಓಡಾಡುವುದು ಇದರಿಂದಲೇ ಸಾಧ್ಯ. ನಮ್ಮ ನಾಡಿನ ಹಂಪಿಯ ಕಟ್ಟಡ, ಶಿಲ್ಪ, ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕಾಪಿಡಲು ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ 'ಡಿಜಿಟಲ್ ಹಂಪಿ' ಎಂಬ ಯೋಜನೆ ನಡೆಯಿತು. 2017ರಲ್ಲಿ ಅದರ ಬಗ್ಗೆ ಗ್ರಂಥವೂ ಹೊರಬಂದಿದೆ. ಕಲ್ಲು ಸವೆದರೂ ಅದರ ಅಳತೆ ಉಳಿಯುತ್ತದೆ.

ಇನ್ನೊಂದು ಸಂಗತಿ ಕೇಳಿ. ಬಸ್ರಾದಲ್ಲಿ ಸುಮಾರು 965ರಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ 'ಕಿತಾಬುಲ್ ಮನಾಝಿರ್' ಎಂಬ ಗ್ರಂಥ ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಅನೇಕರು ನಂಬಿದ್ದ ಕಾಲವದು. ಅಲ್ಲ, ವಸ್ತುವಿನಿಂದ ಹೊರಟ ಬೆಳಕೇ ನೇರ ರೇಖೆಯಲ್ಲಿ ಕಣ್ಣಿಗೆ ಬರುತ್ತದೆ ಎಂದು ಅವರು ಪ್ರಯೋಗಗಳ ಆಧಾರದಲ್ಲಿ ವಾದಿಸಿದರು. ಇಂದಿನ ಗ್ರಾಫಿಕ್ಸ್‌ನಲ್ಲಿ 'ರೇ ಟ್ರೇಸಿಂಗ್' ಎಂಬ ವಿಧಾನವಿದೆ. ಕಣ್ಣಿಗೆ ಬರುವ ಬೆಳಕಿನ ಅದೇ ದಾರಿಯನ್ನು ಅದು ಹಿಮ್ಮುಖವಾಗಿ ಹುಡುಕುತ್ತಾ ಹೋಗಿ ನೆರಳು, ಪ್ರತಿಬಿಂಬಗಳನ್ನು ಮೂಡಿಸುತ್ತದೆ. ನಮ್ಮ ಹಿರಿಯರು ಬೆಳಕನ್ನು ಅಳೆದವರು. ನಮ್ಮ ಮಕ್ಕಳು ಮಾತ್ರ ಇತರರು ಮಾಡಿದ್ದನ್ನು ನೋಡುತ್ತಾ ಕೂರಬೇಕೇ?

ವಲ್ಕನ್‌ನ ನಿಯಮಗಳು ಗುಟ್ಟಿನವಲ್ಲ. ಯಾರು ಬೇಕಾದರೂ ಉಚಿತವಾಗಿ ಓದಬಹುದು. ಚಿತ್ರ ರಚಿಸಲು 'ಬ್ಲೆಂಡರ್', ಆಟ ರಚಿಸಲು 'ಗೋಡೋ' ಎಂಬ ಉಚಿತ ತಂತ್ರಾಂಶಗಳಿವೆ. ಆದರೆ ಇವುಗಳ ಬುಡದಲ್ಲಿರುವುದು ಪಿಯುಸಿಯ ಗಣಿತ ಪುಸ್ತಕದ ವೆಕ್ಟರ್ ಮತ್ತು ಮ್ಯಾಟ್ರಿಕ್ಸ್ ಪಾಠಗಳೇ. ಮನೆಯ ಕೋಣೆಯಲ್ಲಿ ಕುಳಿತೇ ಕಲಿಯಬಹುದಾದ, ಮುಂದೆ ದುಡಿಮೆಗೂ ಆಗಬಹುದಾದ ವಿದ್ಯೆ ಇದು.

ಆ ತಾಯಿಗೆ ನಾನು ಇಷ್ಟೇ ಹೇಳಿದೆ: "ಮಗನ ಆಟಕ್ಕೆ ಒಂದು ಹೊತ್ತು ಗೊತ್ತುಮಾಡಿ. ಮಗಳ ಗಣಿತವನ್ನು ಬಿಡಿಸಬೇಡಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, ಇವರ ತಂದೆಗೂ ಒಂದು ಮಾತು ಹೇಳಿ ಉಸ್ತಾದ್ ಎಂದರು. ಹೇಳುತ್ತೇನೆ, ಇನ್‌ಶಾ ಅಲ್ಲಾಹ್. ನಿಮ್ಮ ಮನೆಯಲ್ಲೂ ಅಂಥ ಪ್ರಶ್ನೆ ಕೇಳುವ ಹುಡುಗಿಯಿದ್ದರೆ ಗದರಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಈ ಪುಟವನ್ನು ಅವಳಿಗೇ ಓದಲು ಕೊಡಿ.