ಮನೆಯ ಸೈಕಲ್‌ಗೆ ಬ್ಯಾಟರಿ ಮೋಟಾರ್: ಡೈರಿಗೆ ಹಾಲು ಸಾಗಿಸಲು ಎಷ್ಟು ಅನುಕೂಲ, ಎಷ್ಟು ಖರ್ಚು?

ಮೇವು ತರುವುದು, ಕೊಟ್ಟಿಗೆ ತೊಳೆಯುವುದು, ಹಾಲು ಕರೆಯುವುದು ಹೆಣ್ಣುಮಕ್ಕಳ ಕೈಯಲ್ಲೇ ಇದ್ದರೂ, ಕರೆದ ಹಾಲು ಡೈರಿಗೆ ಹೋಗಲು ಅನೇಕ ಮನೆಗಳಲ್ಲಿ ಯಜಮಾನರ ಬೈಕಿಗೋ ಮಗನ ಸ್ಕೂಟರಿಗೋ ಕಾಯಬೇಕು. ಅವರು ಊರಲ್ಲಿ ಇಲ್ಲದ ದಿನ ಕ್ಯಾನ್ ತಲೆಯ ಮೇಲೆ ಅಥವಾ ಸೊಂಟದ ಮೇಲೆ ಬರುತ್ತದೆ. ತೋಟದ ಮನೆಯವರಿಗೆ ಇದು ಎರಡು ಹೊತ್ತೂ ಒಂದೆರಡು ಕಿಲೋಮೀಟರ್ ನಡಿಗೆ.

ಕೆಚ್ಚಲಿನಿಂದ ಬಂದ ಹಾಲು ಹಸುವಿನ ಮೈಬಿಸಿಯಲ್ಲೇ, ಅಂದರೆ ಸುಮಾರು 38 ಡಿಗ್ರಿಯಲ್ಲಿ ಇರುತ್ತದೆ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬಹಳ ಬೇಗ ಹೆಚ್ಚುತ್ತವೆ. ಹಾಲು ಬಿಎಂಸಿ ಸೇರಿ 4 ಡಿಗ್ರಿಗೆ ಇಳಿಯುವುದು ತಡವಾದಷ್ಟೂ ಗುಣಮಟ್ಟ ಕೆಡುತ್ತದೆ, ಬೇಸಿಗೆಯಲ್ಲಿ ಒಡೆಯುವ ಭಯವೂ ಇದೆ. ಬಟವಾಡೆಯಲ್ಲಿ ಕೈಗೆ ಬರುವ ಹಣ ಇದರ ಮೇಲೆ ನಿಂತಿದೆ.

ಈ ತೊಂದರೆಗೆ ಒಂದು ದಾರಿ ನಮ್ಮ ಮನೆಗಳಲ್ಲೇ ಇರಬಹುದು. 2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲಿ 8ನೇ ತರಗತಿ ಮಕ್ಕಳಿಗೆ ಬಂದ ಸೈಕಲ್‌ಗಳು ಎಷ್ಟೋ ಮನೆಗಳ ಹಿತ್ತಲಲ್ಲಿ ನಿಂತಿವೆ. ಕೆಲವು ಮನೆಗಳಲ್ಲಿ ಮಗ ಆಸೆಪಟ್ಟು ಕೊಂಡ, ಮುಂದೆಯೂ ಹಿಂದೆಯೂ ಶಾಕ್ ಅಬ್ಸಾರ್ಬರ್ ಇರುವ ‘ಡಬಲ್ ಶಾಕ್ಸ್’ ಸೈಕಲ್ ಇರುತ್ತದೆ. ಇವಕ್ಕೆ ಮೋಟಾರ್ ಮತ್ತು ಬ್ಯಾಟರಿ ಕೂರಿಸಬಹುದೇ, ಹಾಲಿನ ಕೆಲಸಕ್ಕೆ ಯಾವುದು ಒಗ್ಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಏನೇನು ಬೇಕು?

ಕಿಟ್‌ನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಒಂದು, ಚಕ್ರದ ನಡುವಿನ ಗುಂಬದೊಳಗೇ ಕೂರುವ ಹಬ್ ಮೋಟಾರ್. ಎರಡು, ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕೆಂದು ನಿಯಂತ್ರಿಸುವ ಕಂಟ್ರೋಲರ್. ಮೂರು, ಹ್ಯಾಂಡಲ್ ಮೇಲಿನ ಆಕ್ಸಿಲರೇಟರ್ ಮತ್ತು ಬ್ರೇಕ್ ಹಿಡಿಗಳು. ಬ್ರೇಕ್ ಒತ್ತಿದ ಕೂಡಲೇ ಮೋಟಾರ್ ನಿಲ್ಲುವಂತಹ ಹಿಡಿಯನ್ನೇ ಹಾಕಿಸಬೇಕು. ಬ್ಯಾಟರಿ ಮತ್ತು ಚಾರ್ಜರ್ ಬೇರೆ.

ಹಬ್ ಮೋಟಾರಿನಲ್ಲಿ ಒಳಗೆ ಗೇರ್ ಇರುವುದನ್ನು ಕೇಳಿ ತೆಗೆದುಕೊಳ್ಳಿ. ಏರಿನಲ್ಲಿ ಚೆನ್ನಾಗಿ ಎಳೆಯುತ್ತದೆ. ಬ್ಯಾಟರಿ ಖಾಲಿಯಾದರೂ ಪೆಡಲ್ ತುಳಿದು ಸುಲಭವಾಗಿ ಮನೆ ಸೇರಬಹುದು.

ಡಬಲ್ ಶಾಕ್ಸ್ ಸೈಕಲ್ ಇದ್ದರೆ

ಈ ಸೈಕಲ್‌ನ ಹಿಂಭಾಗ ಗುಂಡಿ ಬಿದ್ದಲ್ಲೆಲ್ಲ ಮೇಲೆ ಕೆಳಗೆ ಆಡುತ್ತದೆ. ಕೂತವರ ಸೊಂಟಕ್ಕೆ ಹಿತ, ಹೇರಿಗೆ ಅಷ್ಟು ಹಿತವಲ್ಲ. ಮೋಟಾರ್ ಹಾಕಿಸುವ ಮೊದಲು ಈ ವಿಷಯಗಳನ್ನು ನೋಡಿಕೊಳ್ಳಿ.

• ಕಡಿಮೆ ಬೆಲೆಗೆ ಸಿಗುವ, ಪಕ್ಕದಲ್ಲಿ ಕೂರಿಸಿ ಚೈನ್‌ನಿಂದ ಎಳೆಯುವ ಮೋಟಾರ್ ಇದಕ್ಕೆ ಬೇಡ. ಹಿಂದಿನ ಚಕ್ರ ಆಡಿದಾಗ ಚೈನ್ ಸಡಿಲವಾಗಿ ಕಳಚುತ್ತದೆ. ಹಿಂದಿನ ಚಕ್ರದ ಹಬ್ ಮೋಟಾರ್ ಮಾತ್ರ ಸರಿ.
• ಮುಂದಿನ ಶಾಕ್ಸ್ ಇರುವ ಫೋರ್ಕ್‌ಗೆ ಮೋಟಾರ್ ಚಕ್ರ ಹಾಕಿಸಬೇಡಿ. ಆಕ್ಸಲ್ ತಿರುಚುವ ಬಲಕ್ಕೆ ಫೋರ್ಕ್‌ನ ತುದಿ ಸೀಳಬಹುದು. ಹಿಂದೆ ಹಾಕಿದರೂ ಆಕ್ಸಲ್ ತಿರುಗದಂತೆ ಹಿಡಿಯುವ ‘ಟಾರ್ಕ್ ಆರ್ಮ್’ ಪಟ್ಟಿ ಹಾಕಿಸಲೇಬೇಕು.
• ಫ್ರೇಮ್ ನಡುವಿನ ಜಾಗವನ್ನು ಶಾಕ್ಸ್ ನುಂಗಿರುತ್ತದೆ. ಬ್ಯಾಟರಿ ಕೂರುವಷ್ಟು ಜಾಗ ಇದೆಯೇ ಎಂದು ಅಳತೆ ತೆಗೆದುಕೊಂಡೇ ಬ್ಯಾಟರಿ ಕೊಳ್ಳಿ.
• ವೈರ್‌ಗಳನ್ನು ಬಿಗಿಯಾಗಿ ಕಟ್ಟಿದರೆ ಶಾಕ್ಸ್ ಒತ್ತಿದಾಗ ಕಿತ್ತುಬರುತ್ತವೆ. ಆಡುವ ಜಾಗದಲ್ಲಿ ಸ್ವಲ್ಪ ಸಡಿಲ ಬಿಡಿಸಿ.
• ಗಟ್ಟಿ ಕ್ಯಾರಿಯರ್ ಕೂರಿಸುವುದು ಕಷ್ಟ. ಸೀಟಿನ ಕಂಬಕ್ಕೆ ಸಿಕ್ಕಿಸುವ ಸಣ್ಣ ಕ್ಯಾರಿಯರ್ ತುಂಬಿದ ಕ್ಯಾನ್‌ನ ಭಾರ ತಾಳುವುದಿಲ್ಲ.

ಕೊನೆಯ ಮಾತೇ ಹಾಲಿನವರಿಗೆ ಮುಖ್ಯ. ಒಂದು ಲೀಟರ್ ಹಾಲು ಒಂದು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. 10 ಲೀಟರ್ ತುಂಬಿದ ಸ್ಟೀಲ್ ಕ್ಯಾನ್ ಅಂದರೆ ಸುಮಾರು 12 ಕಿಲೋ, ಅದೂ ತುಳುಕುವ ಭಾರ. ಹೀಗಾಗಿ ಮನೆಯಲ್ಲಿ ಎರಡೂ ಬಗೆಯ ಸೈಕಲ್ ಇದ್ದರೆ ಹಣವನ್ನು ಶಾಲೆಯಲ್ಲಿ ಕೊಟ್ಟ ಸಾದಾ ಲೇಡೀಸ್ ಸೈಕಲ್ ಮೇಲೆ ಹಾಕಿ. ಅದರ ಕ್ಯಾರಿಯರ್ ಗಟ್ಟಿ. ಹಿಂದೆ ಕ್ಯಾನ್ ಇದ್ದರೂ ಮುಂದಿನಿಂದ ಕಾಲು ಹಾಕಿ ಹತ್ತಬಹುದು. ಸೀರೆ ಸಿಕ್ಕದಂತೆ ಚೈನ್ ಕವರ್ ಮತ್ತು ಚಕ್ರಕ್ಕೆ ಜಾಲರಿ ಹಾಕಿಸುವುದೂ ಸುಲಭ. ಡಬಲ್ ಶಾಕ್ಸ್ ಒಂದೇ ಇದ್ದರೆ 5 ಲೀಟರ್ ಕ್ಯಾನ್‌ವರೆಗೆ ಬಳಸಿ.

ಎಷ್ಟು ಶಕ್ತಿಯ ಮೋಟಾರ್?

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರ್ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಮತ್ತು ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇದ್ದು, ಪರೀಕ್ಷಾ ಸಂಸ್ಥೆಯ ಅನುಮೋದನೆ ಪಡೆದಿದ್ದರೆ ಅದನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಅದಕ್ಕಿಂತ ದೊಡ್ಡದಾದರೆ ನೋಂದಣಿ, ಲೈಸೆನ್ಸ್, ವಿಮೆಯ ಪ್ರಶ್ನೆ ಬರುತ್ತದೆ. ಕಿಟ್ ಕೊಳ್ಳುವಾಗ ಅನುಮೋದನೆಯ ಪತ್ರ ಕೇಳಿ. ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಹಾಕಿಸಿ. ಮಬ್ಬು ಕತ್ತಲಲ್ಲಿ ಡೈರಿಗೆ ಹೋಗುವವರಿಗೆ ಅದು ಜೀವರಕ್ಷೆ.

ಇಷ್ಟು ಶಕ್ತಿ ಸಾಲುತ್ತದೆಯೇ? ಸವಾರಿಣಿ, ಸೈಕಲ್, ಹಾಲು ಎಲ್ಲ ಸೇರಿ ಸುಮಾರು 105 ಕಿಲೋ ಎಂದುಕೊಳ್ಳಿ. 100 ಮೀಟರಿಗೆ 5 ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗಕ್ಕೆ ಚಕ್ರದ ಬಳಿ ಸುಮಾರು 180 ವ್ಯಾಟ್ ಬೇಕು. ಮೋಟಾರಿನ ಜೊತೆ ನಾವೂ ಮೆಲ್ಲಗೆ ತುಳಿದರೆ ಆರಾಮವಾಗಿ ಏರುತ್ತದೆ. ಅರಸೀಕೆರೆ ಕಡೆಯ ತೆಂಗಿನ ತೋಟಗಳ ಬಯಲು ದಾರಿಗೆ ಇದು ಧಾರಾಳ. ಬೇಲೂರು ಕಡೆಯ ಏರುತಗ್ಗಿನಲ್ಲಿ ಪೆಡಲ್ ತುಳಿಯದೆ ಬರೀ ಆಕ್ಸಿಲರೇಟರ್ ತಿರುವಿದರೆ ಮೋಟಾರ್ ಕಾಯುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

ಬ್ಯಾಟರಿಯ ಲೆಕ್ಕ

36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯನ್ನು ಗುಣಿಸಿದರೆ 360 ವ್ಯಾಟ್-ಅವರ್. ಹೇರಿನೊಂದಿಗೆ ಸಮತಟ್ಟು ದಾರಿಯಲ್ಲಿ ಕಿಲೋಮೀಟರಿಗೆ ಸುಮಾರು 15, ಏರುತಗ್ಗಿನಲ್ಲಿ 20 ವ್ಯಾಟ್-ಅವರ್ ಖರ್ಚಾಗಬಹುದು. ಡೈರಿ 2 ಕಿಲೋಮೀಟರ್ ದೂರ ಇದ್ದರೆ ಎರಡು ಹೊತ್ತು ಹೋಗಿಬರಲು ದಿನಕ್ಕೆ 8 ಕಿಲೋಮೀಟರ್. ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕು. ಬಯಲು ದಾರಿಯಲ್ಲಿ ತಿಂಗಳಿಗೆ ನಾಲ್ಕೂವರೆ ಯೂನಿಟ್ ಆಸುಪಾಸು ಕರೆಂಟ್.

ಲೆಡ್ ಆಸಿಡ್ ಬ್ಯಾಟರಿ ಅಗ್ಗ. ಆದರೆ ಇದೇ ಶಕ್ತಿಗೆ ಹತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ, ಅಂದರೆ ಇನ್ನೊಂದು ಹಾಲಿನ ಕ್ಯಾನ್ ಹೊತ್ತಂತೆ. ಬಾಳಿಕೆಯೂ ಕಡಿಮೆ. ಲಿಥಿಯಂ ಬ್ಯಾಟರಿಗಳಲ್ಲಿ ‘ಎಲ್‌ಎಫ್‌ಪಿ’ ಬಗೆ ಬಿಸಿಲಿನ ಕಾವನ್ನು ಹೆಚ್ಚು ತಡೆಯುತ್ತದೆ, ಸಾವಿರಕ್ಕೂ ಹೆಚ್ಚು ಸಲ ಚಾರ್ಜ್ ಆಗುತ್ತದೆ. ಒಳಗೆ ರಕ್ಷಣಾ ಸರ್ಕ್ಯೂಟ್ ಇದೆಯೇ, ಲಿಖಿತ ವಾರಂಟಿ ಇದೆಯೇ ಎಂದು ಕೇಳಿ. ಹಳೆ ಲ್ಯಾಪ್‌ಟಾಪ್ ಸೆಲ್ ಬಿಚ್ಚಿ ಜೋಡಿಸಿದ ಬ್ಯಾಟರಿ ಎಷ್ಟೇ ಅಗ್ಗವಾದರೂ ಬೇಡ.

ಖರ್ಚು ಗಿಟ್ಟುತ್ತದೆಯೇ?

ಕಿಟ್, ಬ್ಯಾಟರಿ, ಕೂಲಿ ಸೇರಿ ಸಾಮಾನ್ಯವಾಗಿ 15ರಿಂದ 25 ಸಾವಿರ ರೂಪಾಯಿ ಆಗುತ್ತದೆ. ಹೆಚ್ಚುಕಡಿಮೆ ಅರ್ಧ ಹಣ ಬ್ಯಾಟರಿಗೇ ಹೋಗುತ್ತದೆ. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಿನಲ್ಲಿ ತಿಂಗಳಿಗೆ 240 ಕಿಲೋಮೀಟರ್ ಓಡಿಸಿದರೆ ಸುಮಾರು 5 ಲೀಟರ್ ಪೆಟ್ರೋಲ್, ಅಂದರೆ ಐನೂರು ರೂಪಾಯಿ ಚಿಲ್ಲರೆ. ಪೆಟ್ರೋಲ್ ಉಳಿತಾಯದಿಂದಲೇ 20 ಸಾವಿರ ಹಿಂದಿರುಗಲು ಮೂರು ವರ್ಷದ ಮೇಲಾಗುತ್ತದೆ. ಹೀಗಾಗಿ ಬರೀ ಪೆಟ್ರೋಲ್ ಲೆಕ್ಕಕ್ಕೆ ಇದನ್ನು ಮಾಡಿಸಬೇಡಿ. ಯಾರಿಗೂ ಕಾಯದೆ ಹೊತ್ತಿಗೆ ಸರಿಯಾಗಿ ಹಾಲು ಹಾಕುವುದು, ಕುತ್ತಿಗೆ ಸೊಂಟದ ಭಾರ ಇಳಿಯುವುದು, ಬರುವಾಗ ಒಂದು ಹೊರೆ ಹಸಿಹುಲ್ಲು ತರುವುದು, ಇವಕ್ಕೆ ಬೆಲೆ ಕಟ್ಟಿ ತೀರ್ಮಾನಿಸಿ. ಡೈರಿ ಅರ್ಧ ಕಿಲೋಮೀಟರಿನಲ್ಲೇ ಇದ್ದವರಿಗೆ ಮೋಟಾರ್ ಬೇಕಿಲ್ಲ. ಆ ಹಣಕ್ಕೆ ಬೇರೆ ಕೆಲಸವಿದೆ. 50 ಕಿಲೋ ಪಶು ಆಹಾರದ ಮೂಟೆಯನ್ನಂತೂ ಈ ಸೈಕಲ್ ಮೇಲೆ ಹೇರಬೇಡಿ.

ಹಣ ಉಳಿಸಬೇಕಾದರೆ ಮೀಟರ್ ಡಿಸ್‌ಪ್ಲೇ, ಬಣ್ಣದ ಲೈಟ್, ಹೆಚ್ಚಿನ ವೇಗದಲ್ಲಿ ಉಳಿಸಿ. ಬ್ಯಾಟರಿ, ಬ್ರೇಕ್, ಟೈರ್‌ನಲ್ಲಿ ಉಳಿಸಬೇಡಿ. ಮೋಟಾರ್ ಕೂರಿಸುವ ಮೊದಲೇ ಸೈಕಲ್ ಅಂಗಡಿಯಲ್ಲಿ ಹೊಸ ಬ್ರೇಕ್ ಕಟ್ಟೆ, ಗಟ್ಟಿ ಟೈರ್ ಹಾಕಿಸಿ, ಫ್ರೇಮ್‌ನ ವೆಲ್ಡಿಂಗ್ ಬಿರುಕು ಬಿಟ್ಟಿದೆಯೇ ನೋಡಿಸಿ. ತುಕ್ಕು ಹಿಡಿದು ಸವೆದ ಫ್ರೇಮ್‌ಗೆ ಮೋಟಾರ್ ಹಾಕಿಸುವುದು ಅಪಾಯ.

ಬಳಸುವಾಗ ಎಚ್ಚರ

• ಕ್ಯಾನನ್ನು ಹ್ಯಾಂಡಲ್‌ಗೆ ನೇತುಹಾಕಬೇಡಿ. ಎರಡು ಸಣ್ಣ ಕ್ಯಾನ್‌ಗಳನ್ನು ಕ್ಯಾರಿಯರ್‌ನ ಎರಡೂ ಬದಿ, ಸಮತೂಕವಾಗಿ, ತಗ್ಗಿನಲ್ಲಿ ಕಟ್ಟಿ.
• ಬ್ಯಾಟರಿಯನ್ನು ಕೊಟ್ಟಿಗೆಯಲ್ಲಿ, ಒಣಹುಲ್ಲಿನ ಬಳಿ, ಒಲೆಯ ಹತ್ತಿರ ಚಾರ್ಜ್ ಮಾಡಬೇಡಿ. ಒಣ ನೆಲದ ಮೇಲೆ, ಜೊತೆಗೆ ಬಂದ ಚಾರ್ಜರ್‌ನಲ್ಲೇ, ಎಚ್ಚರ ಇರುವ ಹೊತ್ತಿನಲ್ಲಿ ಮಾಡಿ.
• ಓಡಿಸಿ ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ. ಬಿಸಿ ಆರಲಿ. ಉಬ್ಬಿದ, ವಾಸನೆ ಬರುವ ಬ್ಯಾಟರಿಯನ್ನು ಮನೆಯೊಳಗೆ ಇಡಬೇಡಿ.
• ಬೇಲೂರು ಭಾಗದ ಮಳೆಗಾಲದಲ್ಲಿ ಕಂಟ್ರೋಲರ್ ಮುಚ್ಚಿದ ಡಬ್ಬಿಯಲ್ಲಿರಲಿ. ಸೈಕಲ್ ತೊಳೆಯುವಾಗ ಮೋಟಾರಿಗೆ ಪೈಪ್ ನೀರು ಹಿಡಿಯಬೇಡಿ.
• ತಿಂಗಳಿಗೊಮ್ಮೆ ಆಕ್ಸಲ್ ನಟ್ಟು, ಕ್ಯಾರಿಯರ್ ಬೋಲ್ಟು ಬಿಗಿ ಮಾಡಿಸಿ.

ಸ್ತ್ರೀಶಕ್ತಿ ಸಂಘದಲ್ಲಿರುವವರು ಮೊದಲು ಒಂದೇ ಸೈಕಲ್‌ಗೆ ಮಾಡಿಸಿ, ನಾಲ್ಕಾರು ಮನೆಯವರು ತಮ್ಮ ತಮ್ಮ ದಾರಿಯಲ್ಲಿ ತುಂಬಿದ ಕ್ಯಾನ್‌ನೊಂದಿಗೆ ಓಡಿಸಿ ನೋಡುವುದು ಒಳ್ಳೆಯದು. ಏರು, ಗುಂಡಿ, ಮಳೆ ಎಲ್ಲದರಲ್ಲೂ ಒಂದು ತಿಂಗಳು ಸರಿಯಾಗಿ ನಡೆದರೆ ಉಳಿದವರು ಸಾಲ ತೆಗೆದು ಮಾಡಿಸುವ ಯೋಚನೆ ಮಾಡಲಿ.