ಮಂಜಿನ ವೇಳೆ ಹೇಳುವವರು

ಮಾರ್ಗಶಿರ, ಪುಷ್ಯ ಮಾಸಗಳ ನಸುಕಿನಲ್ಲಿ ಬೆಂಗಳೂರಿನಿಂದ ವಿಮಾನವೇರಲು ಹೊರಟವರಿಗೆ ದೇವನಹಳ್ಳಿಯ ಮಂಜಿನ ಪರಿಚಯವಿದ್ದೀತು. ಆರು ಗಂಟೆಯ ವಿಮಾನ ಎಂಟಾದರೂ ಏಳುವುದಿಲ್ಲ. ಮಕ್ಕಳು ರಚ್ಚೆ ಹಿಡಿಯುತ್ತಾರೆ. ದೊಡ್ಡವರು ಹವಾಮಾನದವರನ್ನು ಶಪಿಸುತ್ತಾರೆ. ಆದರೆ ಬೆಂಗಳೂರಿಗೆ ಬರಲಿರುವ ವಿಮಾನದ ಚಾಲಕನು ಎಷ್ಟು ಹೆಚ್ಚಿನ ಇಂಧನ ತುಂಬಿಸಿಕೊಳ್ಳಬೇಕು, ಇಲ್ಲಿ ಇಳಿಯಲಾಗದಿದ್ದರೆ ಯಾವ ಊರಿಗೆ ತಿರುಗಬೇಕು ಎಂಬುದನ್ನು ನಿಶ್ಚಯಿಸುವುದು ಆ ಹವಾಮಾನದವರ ಮಾತನ್ನು ನಂಬಿಯೇ.

ಇವರಲ್ಲಿ ವೀಕ್ಷಕರು, ಮುನ್ಸೂಚಕರು ಎಂದು ಎರಡು ಬಗೆ. ವೀಕ್ಷಕರ ಕೆಲಸ ಮೇಲುನೋಟಕ್ಕೆ ಸುಲಭ: ಅರ್ಧ ಗಂಟೆಗೊಮ್ಮೆ ಗಾಳಿ, ಉಷ್ಣತೆ, ವಾಯುಭಾರ, ಮೋಡದ ಎತ್ತರ, ಕಣ್ಣು ಕಾಣುವ ದೂರ ಇವುಗಳ ವರದಿ ಕಳುಹಿಸುವುದು. ಇವುಗಳಲ್ಲಿ ವಾಯುಭಾರವೊಂದನ್ನೇ ನೋಡೋಣ. ವಿಮಾನದ ಎತ್ತರಮಾಪಕವು ವಾಸ್ತವವಾಗಿ ವಾಯುಭಾರವನ್ನು ಅಳೆಯುವ ಯಂತ್ರ. ನೆಲದಿಂದ ತಿಳಿಸಿದ ಅಂಕಿಗೆ ಅದನ್ನು ಹೊಂದಿಸಿಕೊಳ್ಳಬೇಕು. ಒಂದು ಹೆಕ್ಟೋಪ್ಯಾಸ್ಕಲ್ ತಪ್ಪಿದರೆ ಎತ್ತರ ಸುಮಾರು 28 ಅಡಿ ತಪ್ಪುತ್ತದೆ. 2022ರ ಮೇ 23ರಂದು ಪ್ಯಾರಿಸ್ಸಿನಲ್ಲಿ ಇಳಿಯುತ್ತಿದ್ದ ವಿಮಾನವೊಂದಕ್ಕೆ 1001 ಎನ್ನುವ ಬದಲು 1011 ಎಂದು ಹೇಳಲಾಯಿತು. ರನ್‌ವೇ ಇನ್ನೂ ಸುಮಾರು ಒಂದು ಮೈಲಿ ದೂರವಿರುವಾಗಲೇ ಆ ವಿಮಾನ ನೆಲದಿಂದ ಕೇವಲ ಆರು ಅಡಿ ಎತ್ತರಕ್ಕಿಳಿದು, ಮತ್ತೆ ಮೇಲೇರಿ ಪಾರಾಯಿತು! ತಪ್ಪು ರೇಡಿಯೋದಲ್ಲಿ ಮಾತನಾಡಿದ ಸಂಚಾರ ನಿಯಂತ್ರಕರದು, ಹವಾಮಾನದವರದಲ್ಲ. ಆದರೂ ಒಂದು ಅಂಕಿಯ ಬೆಲೆಯೇನೆಂಬುದು ಇದರಿಂದ ತಿಳಿಯುತ್ತದೆ.

ಮುನ್ಸೂಚಕರ ಪಾಡು ಇನ್ನೂ ಕಠಿಣ. ಮೋಡವಿಲ್ಲದ ರಾತ್ರಿ, ತೇವದ ನೆಲ, ಮಂದವಾದ ಗಾಳಿ ಕೂಡಿಬಂದರೆ ಮಂಜು ಕವಿಯುವುದೆಂದು ಪುಸ್ತಕದಲ್ಲಿದೆ. ಎಷ್ಟು ಗಂಟೆಗೆ ಕವಿದೀತು, ಎಷ್ಟು ಗಂಟೆಗೆ ಹರಿದೀತು ಎಂಬುದು ಪುಸ್ತಕದಲ್ಲಿಲ್ಲ. ಅದು ಆ ಊರಿನ ನೆಲವನ್ನೂ ಗಾಳಿಯನ್ನೂ ಬಹುಕಾಲ ಕಂಡವರಿಗೆ ಒಲಿಯುವ ವಿದ್ಯೆ.

ಪದವಿಪತ್ರವಿದ್ದ ಮಾತ್ರಕ್ಕೆ ಈ ವಿದ್ಯೆ ಇದೆಯೆನ್ನಲಾಗದು. ಆದುದರಿಂದ ವಿಶ್ವ ಹವಾಮಾನ ಸಂಸ್ಥೆಯು 2013ರ ಡಿಸೆಂಬರ್‌ನಿಂದ ಹೊಸ ಕಟ್ಟುಪಾಡೊಂದನ್ನು ಜಾರಿಗೆ ತಂದಿತು. ಅದರಂತೆ ಮುನ್ಸೂಚಕರು ಹವೆಯನ್ನು ಸತತವಾಗಿ ಗಮನಿಸಿ ವಿಶ್ಲೇಷಿಸಬಲ್ಲರೆ, ಮುಂದಾಗುವುದನ್ನು ಹೇಳಬಲ್ಲರೆ, ಅಪಾಯವಿದ್ದಾಗ ಎಚ್ಚರಿಸಬಲ್ಲರೆ, ತಮ್ಮ ವರದಿಯ ಗುಣಮಟ್ಟವನ್ನು ಕಾಯ್ದುಕೊಳ್ಳಬಲ್ಲರೆ, ಕೇಳುವವರಿಗೆ ಅದನ್ನು ತಿಳಿಯಾಗಿ ಮುಟ್ಟಿಸಬಲ್ಲರೆ ಎಂಬುದನ್ನು ಕೆಲಸದಲ್ಲಿಯೇ ತೋರಿಸಿಕೊಡಬೇಕು. ಕಡೆಯದು ಅತಿ ಮುಖ್ಯವೆಂದು ನನ್ನ ಎಣಿಕೆ, ಬಲ್ಲವರೆಲ್ಲ ಹೇಳಬಲ್ಲವರಲ್ಲವಷ್ಟೆ. 2016ರ ಡಿಸೆಂಬರ್‌ನಿಂದ ಮುನ್ಸೂಚಕರಿಗೆ ಪದವಿಮಟ್ಟದ ಹವಾಮಾನ ವ್ಯಾಸಂಗವೂ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಹವಾಮಾನ ಇಲಾಖೆಯ ತರಬೇತಿ ಸಂಸ್ಥೆ ಪುಣೆಯಲ್ಲಿದೆ.

ಪರೀಕ್ಷಿಸುವ ರೀತಿಯೂ ಬೇರೆ. ಪರೀಕ್ಷಕರು ಪಾಳಿಯಲ್ಲಿ ಪಕ್ಕದಲ್ಲೇ ಕುಳಿತು ನೋಡಬಹುದು, ಹಳೆಯ ಬಿರುಗಾಳಿಯೊಂದರ ನಕ್ಷೆಗಳನ್ನು ಮುಂದಿಟ್ಟು, “ಈಗ ಏನು ಎಚ್ಚರಿಕೆ ಕೊಡುವಿರಿ?” ಎಂದು ಕೇಳಬಹುದು.

ಇನ್ನೊಂದು ವಿಶೇಷವುಂಟು: ಈ ಯೋಗ್ಯತೆ ಆಯಾ ಪ್ರದೇಶಕ್ಕೆ ಸಂಬಂಧಿಸಿದ್ದು. ದೇವನಹಳ್ಳಿಯ ಮಂಜನ್ನು ಬಲ್ಲವರೂ ಮಂಗಳೂರಿಗೆ ಹೋದರೆ ಮತ್ತೆ ವಿದ್ಯಾರ್ಥಿಗಳೇ. ಬಜ್ಪೆಯ ರನ್‌ವೇ ಇರುವುದು ಗುಡ್ಡದ ನೆತ್ತಿಯ ಮೇಲೆ. ಆಷಾಢದಲ್ಲಿ ಕಡಲಿನಿಂದ ಬಂದ ಮೋಡ ಅಲ್ಲಿ ತಂಗಿತೆಂದರೆ, ಕೆಳಗೆ ನಿಂತು ನೋಡುವವರಿಗೆ ಅದು ಮೋಡ. ಮೇಲಿರುವ ವೀಕ್ಷಕರಿಗೆ ಮಂಜು.